ಲಗ್ನವಾಗಿ ಹೋದ ಮಗಳ ಪಾಲು: ಅಣ್ಣ ಸಹಿ ಕೇಳಿದಾಗ

ಪ್ರಶ್ನೆ: ನನ್ನ ತವರುಮನೆ ಬ್ಯಾಡಗಿ ತಾಲೂಕಿನ ಹಳ್ಳಿ. 1990ರಲ್ಲಿ ಗದಗಕ್ಕೆ ಕೊಟ್ಟಿದ್ದಾರೆ. ತಂದೆ 2003ರಲ್ಲಿ ತೀರಿಕೊಂಡರು, ಮೃತ್ಯುಪತ್ರ ಬರೆದಿಲ್ಲ. ತಾಯಿ, ಇಬ್ಬರು ಅಣ್ಣಂದಿರು, ಒಬ್ಬ ತಂಗಿ ಇದ್ದಾರೆ. ಅಜ್ಜನ ಕಾಲದ ಹೊಲ 8 ಎಕರೆ 20 ಗುಂಟೆ. ತಂದೆ ಹೋದ ಮೇಲೆ ವಾರಸಾದಲ್ಲಿ (ತೀರಿದವರ ಬದಲು ವಾರಸುದಾರರ ಹೆಸರು ಹಚ್ಚುವ ದಾಖಲೆ) ತಾಯಿ ಮತ್ತು ಅಣ್ಣಂದಿರ ಹೆಸರಷ್ಟೇ ಹಚ್ಚಿದರು. 2011ರಲ್ಲಿ ಅಣ್ಣಂದಿರು ವರ್ದಿ (ದಾಖಲೆ ಬದಲಿಸಲು ಕಂದಾಯ ಕಚೇರಿಗೆ ಕೊಡುವ ಅರ್ಜಿ) ಕೊಟ್ಟು ಉತಾರ (ಪಹಣಿ) ಬೇರೆ ಬೇರೆ ಮಾಡಿಕೊಂಡಿದ್ದಾರೆ. ಪ್ರತಿ ವರ್ಷ ಪಂಚಮಿಗೆ ಹೋದಾಗ ಒಂದು ಚೀಲ ಜೋಳ, ಒಂದಿಷ್ಟು ಮೆಣಸಿನಕಾಯಿ ಕೊಟ್ಟು ಕಳಿಸುತ್ತಿದ್ದರು. ಈಗ ದೊಡ್ಡಣ್ಣ, "ಬ್ಯಾಂಕಿನ ಸಾಲಕ್ಕ ಬೇಕಾಗೇತಿ, ನೀವಿಬ್ಬರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕ್ರಿ" ಅನ್ನುತ್ತಾನೆ. ಪಾಲಿನ ಮಾತು ತೆಗೆದರೆ, "ಅಪ್ಪ ಇದ್ದಾಗ 1999ರಾಗ ಬಾಯಿಮಾತಿಲೆ ವಾಟ್ನಿ (ಆಸ್ತಿ ಹಂಚಿಕೆ) ಆಗೇತಿ, ನಿಮಗ ಲಗ್ನದಾಗ ಬಂಗಾರ ಹಾಕೇವಿ" ಎನ್ನುತ್ತಾನೆ. ನನ್ನ ಲಗ್ನ 1994ಕ್ಕಿಂತ ಮೊದಲೇ ಆಗಿರುವುದರಿಂದ ಹಕ್ಕಿಲ್ಲ ಎಂದು ಊರಲ್ಲಿ ತಿಳಿದವರೊಬ್ಬರು ಹೇಳಿದರು. ಹೌದೇ? ತವರು ಕಳೆದುಕೊಳ್ಳದೆ ಇದನ್ನು ಬಗೆಹರಿಸಿಕೊಳ್ಳಲು ಆಗುತ್ತದೆಯೇ?

ಉತ್ತರ: ಸದ್ಯ ಸಹಿ ಹಾಕಬೇಡಿ. ಅಣ್ಣನ ಮೇಲೆ ಸಂಶಯಪಡಬೇಕು ಎಂದು ಹೇಳುತ್ತಿಲ್ಲ. ಯಾವ ಕಾಗದಕ್ಕೆ ಸಹಿ ಎಂಬುದೇ ನಿಮಗೆ ಇನ್ನೂ ಗೊತ್ತಿಲ್ಲವಲ್ಲ, ಅದಕ್ಕೆ. ಸಾಲಕ್ಕೆ ಒಪ್ಪಿಗೆ ಕೊಡುವ ಸಹಿಯನ್ನು ಬ್ಯಾಂಕಿನಲ್ಲಿ ಕೂತು ಹಾಕಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದ ಸಾಮಾನ್ಯವಾಗಿ ಹಕ್ಕು ಬಿಡುಗಡೆ ಪತ್ರವೇ, ಅಂದರೆ ನಿಮ್ಮ ಪಾಲು ಬಿಟ್ಟುಕೊಡುವ ಪತ್ರವೇ ಆಗಿರುತ್ತದೆ. ಹೆಣ್ಣುಮಕ್ಕಳು ಪಾಲು ಕಳೆದುಕೊಳ್ಳುವುದು ಕೋರ್ಟಿನಲ್ಲಿ ಸೋತು ಅಲ್ಲ, ಹೆಚ್ಚಾಗಿ ಇಂಥ ಒಂದು ಮಧ್ಯಾಹ್ನದಲ್ಲಿ. ನೋಂದಣಿಯಾದ ಬಿಡುಗಡೆ ಪತ್ರವನ್ನು ಮೋಸವೆಂದು ರದ್ದು ಮಾಡಿಸಬೇಕಾದರೆ, ವಿಷಯ ತಿಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಓದಲು ಬರುವವರು "ಓದದೆ ಸಹಿ ಹಾಕಿದೆ" ಎಂದು ರುಜುವಾತು ಮಾಡುವುದು ಬಹಳ ಕಷ್ಟ.

ಈಗ 1994ರ ಮಾತು. ನಿಮ್ಮೂರಿನವರು ಪೂರ್ತಿ ತಪ್ಪು ಹೇಳಿಲ್ಲ, ಹಳೆಯ ಕಾನೂನು ಹೇಳಿದ್ದಾರೆ. ಕರ್ನಾಟಕ ಸರ್ಕಾರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು 30 ಜುಲೈ 1994ರಿಂದ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳೆಂದು ಮಾಡಿತು. ಆ ದಿನಕ್ಕೆ ಮೊದಲು ಲಗ್ನವಾದವರನ್ನು ಮಾತ್ರ ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 9 ಸೆಪ್ಟೆಂಬರ್ 2005ರಿಂದ ಜಾರಿಗೆ ಬಂತು. ಅದರಲ್ಲಿ ಲಗ್ನವಾಗಿದೆಯೋ ಇಲ್ಲವೋ ಎಂಬ ಭೇದವೇ ಇಲ್ಲ. ರಾಜ್ಯದ ಆ ಹಳೆಯ ಅಡ್ಡಿ ಈಗ ನಿಮಗೆ ತಾಗುವುದಿಲ್ಲ.

ಆಮೇಲೆ ಇನ್ನೊಂದು ಗೊಂದಲ ಎದ್ದಿತು. 2005ರ ಹೊತ್ತಿಗೆ ತಂದೆ ಬದುಕಿರಬೇಕೇ? 2015ರಲ್ಲಿ ಪ್ರಕಾಶ್–ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೌದು, ಬದುಕಿರಬೇಕು ಎಂದಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣಗಳು, ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದವು. ಯಾವುದನ್ನು ಹಿಡಿಯಬೇಕೆಂದು ಕೆಳಗಿನ ಕೋರ್ಟುಗಳಿಗೆ ತಿಳಿಯದ ಸ್ಥಿತಿ. 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಮುಗಿಸಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ಆದ್ದರಿಂದ 2005ರಲ್ಲಿ ತಂದೆ ಬದುಕಿದ್ದರೇ ಎಂದು ಕೇಳಬೇಕಾಗಿಲ್ಲ. ನಿಮ್ಮ ತಂದೆ 2003ರಲ್ಲಿ ಹೋದದ್ದು ನಿಮ್ಮ ಹಕ್ಕಿಗೆ ಅಡ್ಡ ಬರುವುದಿಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದು ಗುಂಟೆಯಲ್ಲಿ ನೋಡಿದರೆ ತಿಳಿಯುತ್ತದೆ. 8 ಎಕರೆ 20 ಗುಂಟೆ ಎಂದರೆ 340 ಗುಂಟೆ. ಹಳೆಯ ಲೆಕ್ಕದಲ್ಲಿ ಮೊದಲು ತಂದೆ, ತಾಯಿ, ಇಬ್ಬರು ಗಂಡುಮಕ್ಕಳು ಎಂದು ನಾಲ್ಕು ಭಾಗ. ತಂದೆಯ ಒಂದು ಭಾಗವನ್ನು ಮಾತ್ರ ಮತ್ತೆ ಐವರಿಗೆ ಹಂಚುವುದು. ನಿಮಗೆ ಇಪ್ಪತ್ತರಲ್ಲಿ ಒಂದು, ಅಂದರೆ 17 ಗುಂಟೆ. ಈಗಿನ ಲೆಕ್ಕದಲ್ಲಿ ತಂದೆ, ತಾಯಿ, ನಾಲ್ವರು ಮಕ್ಕಳು ಸೇರಿ ಆರು ಭಾಗ. ತಂದೆಯ ಆರನೆಯ ಒಂದು ಭಾಗ ಉಳಿದ ಐವರಿಗೆ ಸಮನಾಗಿ ಹೋಗುತ್ತದೆ. ಕೂಡಿಸಿದರೆ ಪ್ರತಿಯೊಬ್ಬರಿಗೂ ಐದರಲ್ಲಿ ಒಂದು: 68 ಗುಂಟೆ, 1 ಎಕರೆ 28 ಗುಂಟೆ. ನಿಮಗೂ ಅಷ್ಟೇ, ದೊಡ್ಡಣ್ಣನಿಗೂ ಅಷ್ಟೇ, ತಾಯಿಗೂ ಅಷ್ಟೇ. ತಾಯಿಯ ಪಾಲು ಅವರ ಸ್ವಂತದ್ದು, ಯಾರಿಗೆ ಬೇಕಾದರೂ ಬರೆದುಕೊಡಬಹುದು. ಈ ಮಾತು ಅಣ್ಣಂದಿರಿಗೂ ತಂಗಿಯರಿಗೂ ಒಟ್ಟಿಗೆ ನೆನಪಿರಬೇಕು.

ಅಜ್ಜನ ಹೊಲ ತಂದೆಗೆ ಯಾವ ದಾರಿಯಿಂದ ಬಂತು, ಅದು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ವಕೀಲರು ಬಹಳ ಹೊತ್ತು ಕೆದಕುತ್ತಾರೆ. ಕೆದಕಲೇಬೇಕು. ಆದರೆ ನಿಮ್ಮ ಪ್ರಕರಣದಲ್ಲಿ ಒಂದು ಅನುಕೂಲವಿದೆ. ಮೃತ್ಯುಪತ್ರ ಇಲ್ಲದಿದ್ದರೆ ಸ್ವಯಾರ್ಜಿತ ಆಸ್ತಿಯೂ ಹೆಂಡತಿಗೆ ಮತ್ತು ಎಲ್ಲ ಮಕ್ಕಳಿಗೆ ಸಮನಾಗಿ ಹೋಗುತ್ತದೆ, ಮತ್ತೆ ಅದೇ 68 ಗುಂಟೆ. ಮುಂದೆ ಎಲ್ಲಿಂದಲಾದರೂ ಮೃತ್ಯುಪತ್ರ ಹೊರಬಂದರೆ ಮಾತ್ರ ಈ ಭೇದಕ್ಕೆ ಬೆಲೆ ಬರುತ್ತದೆ. ಸ್ವಯಾರ್ಜಿತವಾದರೆ ತಂದೆ ಪೂರ್ತಿ ಬರೆಯಬಹುದಿತ್ತು. ಪಿತ್ರಾರ್ಜಿತವಾದರೆ ತನ್ನ ಆರನೆಯ ಒಂದು ಭಾಗವನ್ನಷ್ಟೇ, ಆಗಲೂ ನಿಮಗೆ 56 ಗುಂಟೆ ಚಿಲ್ಲರೆ ಉಳಿಯುತ್ತದೆ.

ಲಿಂಗಾಯತರಿಗೆ, ಜೈನರಿಗೆ ಈ ಕಾಯ್ದೆ ಬೇರೆ ಎಂಬ ಮಾತೂ ನಮ್ಮ ಭಾಗದಲ್ಲಿ ಓಡಾಡುತ್ತದೆ. ಕಾಯ್ದೆಯ 2ನೇ ಕಲಮಿನಲ್ಲೇ ವೀರಶೈವ, ಲಿಂಗಾಯತ, ಜೈನ ಎಂದು ಹೆಸರು ಹಿಡಿದು ಬರೆದಿದೆ. ಪರಿಶಿಷ್ಟ ಪಂಗಡದವರದ್ದು ಮಾತ್ರ ನಿಜವಾಗಿ ಬೇರೆ ದಾರಿ. ಅದೇ ಕಲಮು ಅವರನ್ನು ಹೊರಗಿಟ್ಟಿದೆ. 17 ಜುಲೈ 2025ರಂದು ಸುಪ್ರೀಂ ಕೋರ್ಟ್ ಛತ್ತೀಸಗಡದ ಪ್ರಕರಣವೊಂದರಲ್ಲಿ, ಹೆಣ್ಣಿಗೆ ಪಾಲು ಇಲ್ಲವೆನ್ನುವ ಸಂಪ್ರದಾಯ ರುಜುವಾತಾಗದಿದ್ದರೆ ಬುಡಕಟ್ಟಿನ ಮಹಿಳೆಗೂ ಸಮಪಾಲು ಎಂದಿತು. ನೀವು ಆ ಸಮುದಾಯದವರಾಗಿದ್ದರೆ ವಕೀಲರಿಗೆ ಅದನ್ನೇ ಮೊದಲು ಹೇಳಿ, ದಾವೆಯ ಬುನಾದಿಯೇ ಬದಲಾಗುತ್ತದೆ.

1999ರ ಬಾಯಿಮಾತಿನ ವಾಟ್ನಿಗೆ ಬರೋಣ. ಅಣ್ಣನ ಹತ್ತಿರ ಇರುವ ದೊಡ್ಡ ಅಸ್ತ್ರ ಇದೇ. ಕಾಯ್ದೆ ಕೊಟ್ಟಿರುವ ಗಡಿ 20 ಡಿಸೆಂಬರ್ 2004. ಅದಕ್ಕೂ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ (ತೀರ್ಪಿನ ಆದೇಶ) ವಾಟ್ನಿ ಆಗಿದ್ದರೆ ಅದು ಗಟ್ಟಿ, ಮಗಳು ಅದನ್ನು ಕೆಡಿಸುವಂತಿಲ್ಲ. ಆ ದಿನಕ್ಕೆ ಮೊದಲು ಮಾರಿದ ಹೊಲವೂ ಹಾಗೆಯೇ, ಅದನ್ನು ಮರೆತುಬಿಡಿ. ಬಾಯಿಮಾತಿನ ವಾಟ್ನಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ವಿನೀತಾ ಶರ್ಮಾ ತೀರ್ಪು ಒಂದು ಕಿಂಡಿ ಬಿಟ್ಟಿದೆ. ಆ ಕಾಲದ ಸರ್ಕಾರಿ ದಾಖಲೆಗಳೇ ಅದನ್ನು ಸ್ಪಷ್ಟವಾಗಿ ಹೇಳುತ್ತಿದ್ದರೆ ಅಪರೂಪಕ್ಕೆ ಒಪ್ಪಬಹುದು, ಬರೀ ಬಾಯಿಸಾಕ್ಷಿಯ ಮೇಲೆ ಒಪ್ಪಬಾರದು. ಹಿರಿಯರು ನಾಲ್ವರು ಬಂದು "ನಾವು ಕಟ್ಟಿಮ್ಯಾಲೆ ಕುಂತು ಹಂಚಿದ್ವಿ" ಎಂದರೆ ಸಾಲದು.

ನಿಮ್ಮ ಅಣ್ಣನ ಮಾತಿಗೆ ಅಣ್ಣನದೇ ಕಾಗದ ಎದುರು ನಿಲ್ಲುತ್ತದೆ. 1999ರಲ್ಲೇ ಹೊಲ ಬೇರೆಯಾಗಿದ್ದರೆ, ತಂದೆ ತೀರಿದ ಮೇಲೆ ಇಡೀ 8 ಎಕರೆ 20 ಗುಂಟೆಗೆ ತಾಯಿ ಮತ್ತು ಇಬ್ಬರು ಮಕ್ಕಳ ಹೆಸರನ್ನು ಜಂಟಿಯಾಗಿ ವಾರಸಾ ಹಚ್ಚಿದ್ದೇಕೆ? ಮತ್ತೆ 2011ರಲ್ಲಿ ವರ್ದಿ ಕೊಟ್ಟು ಬೇರೆ ಮಾಡಿಕೊಂಡದ್ದೇಕೆ? ವಾದಕ್ಕಾಗಿ 1999ರ ವಾಟ್ನಿ ನಿಜವೆಂದೇ ಇಟ್ಟುಕೊಳ್ಳಿ. ಅದರಲ್ಲಿ ತಂದೆಗೂ ಒಂದು ಪಾಲು ಇರಲೇಬೇಕಲ್ಲ. ಆ ಪಾಲು 2003ರಲ್ಲಿ ಐವರಿಗೂ ಸಮನಾಗಿ ಬರಬೇಕಿತ್ತು, ಅದು ಎಲ್ಲಿ ಹೋಯಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಹೆಚ್ಚಿನ ಬಾಯಿಮಾತಿನ ವಾಟ್ನಿಗಳು ಕರಗುತ್ತವೆ. ಇನ್ನು 2011ರ ವರ್ದಿ: ಅದು ನೋಂದಾಯಿತ ಪತ್ರವಲ್ಲ, 2004ರ ಗಡಿಯನ್ನೂ ದಾಟಿದೆ. ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂದು ಕೋರ್ಟುಗಳು ಎಷ್ಟು ಸಲ ಹೇಳಿವೆಯೋ ಲೆಕ್ಕವಿಲ್ಲ. ಉತಾರ ಮುಖ್ಯವಾಗಿ ಕಂದಾಯ ವಸೂಲಿಗಾಗಿ ಇಟ್ಟ ದಾಖಲೆ. ನಿಮ್ಮ ಹೆಸರು ಅದರಲ್ಲಿ ಇಲ್ಲದ್ದರಿಂದ ನಿಮ್ಮ ಹಕ್ಕು ಹೋಗಿಲ್ಲ, ಇದ್ದರೂ ಅದೊಂದರಿಂದ ಬರುತ್ತಿರಲಿಲ್ಲ.

ಬಂಗಾರದ ವಿಷಯಕ್ಕೆ ಹೆಚ್ಚು ಮಾತು ಬೇಡ. ಲಗ್ನದ ಖರ್ಚು ಪಾಲಿನ ಬದಲು ಅಲ್ಲ. ಪಾಲು ಬಿಟ್ಟುಕೊಟ್ಟಿದ್ದೀರಿ ಎನ್ನಲು ನಿಮ್ಮ ಸಹಿಯಿರುವ ನೋಂದಾಯಿತ ಪತ್ರ ಬೇಕು. ಛಾಪಾ ಕಾಗದದ ಮೇಲೆ ಬರೆದು ಮಡಚಿಟ್ಟ "ಬಾಂಡ್" ಇದ್ದರೂ, ನೋಂದಣಿ ಆಗದಿದ್ದರೆ ಹೊಲದ ಹಕ್ಕು ಅದರಿಂದ ದಾಟುವುದಿಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ಚಿಂತೆಯಾದದ್ದು ಕಾನೂನಿನ ಬಗ್ಗೆ ಅಲ್ಲ, ಕಾಲದ ಬಗ್ಗೆ. ಕೂಡುಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆಂದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು, ಕಾಲಮಿತಿ ಕಾಯ್ದೆಯ 110ನೇ ಅನುಚ್ಛೇದ. 2011ರ ವರ್ದಿಯ ಕಾಲಕ್ಕೆ ನಿಮಗೆ ನೋಟಿಸು ಬಂದಿತ್ತೇ, ಯಾವುದಾದರೂ ಸಮ್ಮತಿಗೆ ಸಹಿ ಹಾಕಿದ್ದಿರಾ ಎಂದು ಅಣ್ಣನ ವಕೀಲರು ಖಂಡಿತ ಕೇಳುತ್ತಾರೆ. ಹೌದು ಎಂದಾದರೆ 12 ವರ್ಷ 2023ಕ್ಕೇ ಮುಗಿಯಿತು ಎಂದು ವಾದಿಸುತ್ತಾರೆ. ಇಲ್ಲಿ ನಿಮ್ಮನ್ನು ಕಾಯುವುದು ಆ ಒಂದು ಚೀಲ ಜೋಳ. ಪ್ರತಿ ವರ್ಷ ಹೊಲದ ಪೀಕಿನಲ್ಲಿ ನಿಮಗೂ ಒಂದಿಷ್ಟು ಬರುತ್ತಿತ್ತು ಎಂದರೆ ಹೊರಗಿಟ್ಟಿರಲಿಲ್ಲ, ಜಂಟಿಯಾಗಿಯೇ ಅನುಭವಿಸುತ್ತಿದ್ದಿರಿ ಎಂದಾಯಿತು. ಎಂದಿನಿಂದ ಎಂದಿನವರೆಗೆ ಕೊಟ್ಟರು, ಯಾರ ಗಾಡಿಯಲ್ಲಿ ಬಂತು, ಯಾರು ಕಂಡಿದ್ದಾರೆ, ನೆನಪಿರುವಾಗಲೇ ಬರೆದಿಡಿ. "ನಿಮಗ ಪಾಲಿಲ್ಲ" ಎಂದು ಅಣ್ಣ ಈಗ ಬಾಯಿಬಿಟ್ಟು ಹೇಳಿದ್ದಾನಲ್ಲ, ಇನ್ನು ಸುಮ್ಮನೆ ಕೂರುವ ದಿನಗಳು ನಿಮ್ಮ ವಿರುದ್ಧ ಎಣಿಕೆಯಾಗುತ್ತವೆ.

ಕಾಗದ ಕೂಡಿಸುವ ಕೆಲಸ ಈ ವಾರವೇ ಸುರುಮಾಡಿ. ಇದಕ್ಕೆ ಅಣ್ಣನ ಅನುಮತಿ ಬೇಕಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಈಗಿನ ಉತಾರ ಭೂಮಿ ತಂತ್ರಾಂಶದಲ್ಲಿ ಯಾರಿಗೂ ಸಿಗುತ್ತದೆ. ಆದರೆ ನಿಮಗೆ ಬೇಕಾದದ್ದು ಹಳೆಯದು. ಗಣಕೀಕರಣಕ್ಕೆ ಮುಂಚಿನ ಕೈಬರಹದ ಉತಾರಗಳನ್ನು ಅಜ್ಜನ ಹೆಸರು ಕಾಣುವವರೆಗೂ ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಿಂದ ದೃಢೀಕೃತ ನಕಲು ಮಾಡಿಸಿ. ಉತಾರದ ಪ್ರತಿ ಬದಲಾವಣೆಗೂ ಒಂದು ಎಂ.ಇ. (ಮ್ಯುಟೇಶನ್ ಎಂಟ್ರಿ, ಅಂದರೆ ಬದಲಾವಣೆಯ ನಮೂದು) ನಂಬರ್ ಇರುತ್ತದೆ. ಅಜ್ಜನಿಂದ ತಂದೆಗೆ ಬಂದದ್ದು, 2003ರ ವಾರಸಾ, 2011ರ ವರ್ದಿ, ಈ ಮೂರು ಎಂ.ಇ.ಗಳ ಪೂರ್ತಿ ನಕಲು ತೆಗೆಸಿ. ಬರೀ ನೋಂದಣಿ ಪುಟ ಸಾಲದು, ಹಿಂದಿರುವ ಅರ್ಜಿ, ಜಬಾಬು (ಹೇಳಿಕೆ), ನೋಟಿಸಿನ ಸಹಿಯೂ ಬೇಕು. ನಿಮ್ಮದೆಂದು ಯಾರೋ ಸಹಿ ಹಾಕಿದ್ದರೆ ಅದು ಹೊರಬೀಳುವುದು ಅಲ್ಲೇ. ವಾರಸಾದ ವಂಶಾವಳಿಯಲ್ಲಿ ನಿಮ್ಮ ಮತ್ತು ತಂಗಿಯ ಹೆಸರು ಬಿಟ್ಟಿದ್ದರೆ ಅದೂ ನಿಮಗೆ ಪುರಾವೆಯೇ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಜನ ಇ.ಸಿ. ಎನ್ನುವುದು, ಎಷ್ಟು ಹಿಂದಿನದು ಸಿಗುತ್ತದೋ ಅಷ್ಟು ತೆಗೆಸಿ: ಮಾರಾಟ, ದಾನ, ನೋಂದಾಯಿತ ವಾಟ್ನಿ ಇದ್ದರೆ ಅದರಲ್ಲಿ ಕಾಣುತ್ತದೆ. ತಂದೆಯ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಊರ ಮನೆಯ ಪಂಚಾಯಿತಿ ಉತಾರವೂ ಇರಲಿ. ಮನೆಯಲ್ಲೂ ನಿಮಗೆ ಪಾಲಿದೆ. ಗಂಡಸರು ಬೇರೆಯಾಗುವವರೆಗೆ ಮಗಳು ವಾಸದ ಮನೆಯ ಪಾಲು ಕೇಳುವಂತಿಲ್ಲ ಎಂಬ ಹಳೆಯ 23ನೇ ಕಲಮನ್ನು 2005ರಲ್ಲೇ ಕಿತ್ತುಹಾಕಿದ್ದಾರೆ. ಹುಬ್ಬಳ್ಳಿ–ಧಾರವಾಡದಲ್ಲಿ ಜಾಗ ಇರುವವರು ಪಹಣಿಯ ಬದಲು ಸಿಟಿ ಸರ್ವೆ ಉತಾರ ನೋಡಬೇಕು.

ತಹಶೀಲ್ದಾರರ ಬಳಿ ಹೋಗಿ ಹೆಸರು ಸೇರಿಸಿ ಎಂದು ಕೇಳಬಹುದೇ? ಹಳೆಯ ಎಂ.ಇ. ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಲು ಅವಕಾಶವಿದೆ, ವಿಳಂಬಕ್ಕೆ ಕಾರಣವನ್ನೂ ಕೊಡಬಹುದು. ನನ್ನ ಅಭಿಪ್ರಾಯ ಕೇಳಿದರೆ ಅಲ್ಲಿ ವರ್ಷಗಳನ್ನು ಸುಡಬೇಡಿ. ಹಕ್ಕಿನ ತಕರಾರು ಇದ್ದರೆ ಕಂದಾಯ ಅಧಿಕಾರಿಗಳು ಕೊನೆಗೆ ಸಿವಿಲ್ ಕೋರ್ಟಿಗೆ ಹೋಗಿ ಎಂದೇ ಬರೆಯುತ್ತಾರೆ. ಮಾರಾಟದ ಸುಳಿವಿದ್ದರೆ ಹೊಸ ವರ್ದಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ, ಅಷ್ಟು ಸಾಕು.

ಇನ್ನು ತವರು ಉಳಿಸಿಕೊಳ್ಳುವ ಮಾತು. ಅಣ್ಣನಿಗೆ ನಿಜವಾಗಿ ಸಾಲವೇ ಬೇಕಿದ್ದರೆ ದಾರಿ ಇದೆ. ಐವರ ಹೆಸರಿನಲ್ಲಿ ವಾರಸಾ ಸರಿಪಡಿಸಿಕೊಂಡು, ಅವನ ಭಾಗದ ಮೇಲಷ್ಟೇ ಸಾಲ ತೆಗೆಯಲಿ. ನೀವು ಬ್ಯಾಂಕಿನಲ್ಲಿ ಒಪ್ಪಿಗೆಗೆ ಸಹಿ ಹಾಕಿದರೂ ಅದು ಜಾಮೀನಾಗಿದ್ದರೆ ಸಾಲ ತೀರದ ದಿನ ನಿಮ್ಮನ್ನೂ ಹಿಡಿಯುತ್ತಾರೆ, ಅದನ್ನೂ ಓದಿಯೇ ಹಾಕಿ. ಪಾಲು ಬೇಡ, ಹಣ ಸಾಕು ಎಂದಾದರೆ ಬಿಡುಗಡೆ ಪತ್ರ ಬರೆದುಕೊಡಿ, ತಪ್ಪೇನಿಲ್ಲ. ಆದರೆ ಪೂರ್ತಿ ಮೊತ್ತ ಪತ್ರದಲ್ಲೇ ಬರಲಿ, ಸಹಿಗೆ ಮೊದಲು ಡಿ.ಡಿ. ಕೈಗೆ ಬರಲಿ ಅಥವಾ ಖಾತೆಗೆ ಜಮೆಯಾಗಲಿ. "ಸುಗ್ಗಿ ಆದಮ್ಯಾಲೆ ಕೊಡ್ತೀನಿ" ಎಂಬ ಮಾತು ಬಿಡುಗಡೆ ಪತ್ರದಲ್ಲಿ ಬರೆದಿರುವುದಿಲ್ಲ. ಕರಡನ್ನು ಎರಡು ದಿನ ಮೊದಲು ಮನೆಗೆ ತರಿಸಿಕೊಂಡು ಕೊನೆಯ ಪುಟದ ಆಸ್ತಿ ವಿವರ ನೋಡಿ. ಒಂದು ಸರ್ವೆ ನಂಬರಿಗೆಂದು ಮಾತಾಡಿ "ಹಾಗೂ ಇತರೆ ಎಲ್ಲ ಸ್ಥಿರಾಸ್ತಿ" ಎಂದು ಒಂದು ಸಾಲು ಸೇರಿಸಿದರೆ ಮನೆಯೂ ಅದರಲ್ಲೇ ಹೋಯಿತು. ಯಾರ ಪರವಾಗಿ ಬಿಡುತ್ತಿದ್ದೀರಿ ಎಂಬುದನ್ನೂ ನೋಡಿ. ದೊಡ್ಡಣ್ಣನೊಬ್ಬನ ಹೆಸರಿಗೆ ಬರೆದರೆ ನಿಮ್ಮ 68 ಗುಂಟೆ ಅವನೊಬ್ಬನದೇ, ಸಣ್ಣಣ್ಣನಿಗೆ ಅದರಲ್ಲಿ ಏನೂ ಇಲ್ಲ.

ಹೊಲವೇ ಬೇಕೆಂದರೆ ಐವರೂ ಕೂಡಿ ನೋಂದಾಯಿತ ವಾಟ್ನಿ ಪತ್ರ ಮಾಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಮೊದಲು ಭೂಮಾಪಕರಿಂದ 11-ಇ ನಕ್ಷೆ, ಅಂದರೆ ಒಡೆಯುವ ತುಂಡುಗಳನ್ನು ಅಳೆದು ಗುರುತಿಸುವ ನಕ್ಷೆ ಮಾಡಿಸಬೇಕು. ವಿಸ್ತೀರ್ಣ ಒಂದನ್ನೇ ನೋಡಬೇಡಿ: 68 ಗುಂಟೆ ಎರೆ ಹೊಲಕ್ಕೂ 68 ಗುಂಟೆ ಕಲ್ಲು ಮಸಾರಿಗೂ ಅಜಗಜಾಂತರ. ಬೋರು ಯಾರ ತುಂಡಿನಲ್ಲಿ ಬೀಳುತ್ತದೆ, ರಸ್ತೆಗೆ ಹತ್ತಿದ ಭಾಗ ಯಾರಿಗೆ, ಒಳಗಿನ ತುಂಡಿಗೆ ಗಾಡಿ ಹೋಗುವ ದಾರಿ ಎಷ್ಟು ಅಡಿ, ಇವೆಲ್ಲ ಪತ್ರದಲ್ಲೇ ಇರಲಿ. ದಾರಿ ಬರೆಯದೆ ಬಿಟ್ಟ ವಾಟ್ನಿಯಿಂದ ಮುಂದಿನ ತಲೆಮಾರಿಗೆ ಇನ್ನೊಂದು ದಾವೆ ಹುಟ್ಟುತ್ತದೆ.

ಮಾತು ಮುರಿದರೆ ದಾವೆ. ಹೊಲ ಇರುವ ತಾಲೂಕಿನ ಮೇಲೆ ಅಧಿಕಾರವಿರುವ ಸಿವಿಲ್ ಕೋರ್ಟಿನಲ್ಲೇ ಹಾಕಬೇಕು, ಗದಗದಲ್ಲಿ ಆಗದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಹಾವೇರಿಯ ಜಿಲ್ಲಾ ಪ್ರಾಧಿಕಾರದಲ್ಲಿ ಅಥವಾ ತಾಲೂಕು ಸಮಿತಿಯಲ್ಲಿ ಅರ್ಜಿ ಕೊಡಿ, ಫೋನ್ ಮಾಡುವುದಾದರೆ 15100. ಕೋರ್ಟ್ ಶುಲ್ಕ ಲಕ್ಷಗಟ್ಟಲೆ ಎಂದು ಯಾರಾದರೂ ಹೆದರಿಸಿದ್ದರೆ ಕೇಳಿ: ಜಂಟಿ ಸ್ವಾಧೀನದಲ್ಲಿ ಇರುವವರು ಪಾಲು ಕೇಳಿದರೆ ರಾಜ್ಯದ ಕೋರ್ಟ್ ಶುಲ್ಕ ಕಾಯ್ದೆಯ 35(2)ನೇ ಕಲಮಿನ ಪ್ರಕಾರ ಅತಿ ಹೆಚ್ಚೆಂದರೆ 200 ರೂಪಾಯಿ. ಹೊಲದಿಂದ ನಮ್ಮನ್ನು ಹೊರಗೆ ಹಾಕಿದ್ದಾರೆ ಎಂದು ಬರೆದರೆ 35(1)ಕ್ಕೆ ಬಿದ್ದು ಪಾಲಿನ ಬೆಲೆಯ ಮೇಲೆ ಶುಲ್ಕ ಬರುತ್ತದೆ. ಸಿಟ್ಟಿನಲ್ಲಿ ಬರೆಸಿದ ಆ ಒಂದು ವಾಕ್ಯದಿಂದ ಶುಲ್ಕವೂ ಏರುತ್ತದೆ, ಕಾಲಮಿತಿಯ ವಾದವೂ ಎದುರಾಳಿಯ ಕೈಗೆ ಸಿಗುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಸಿ. ನಿಮ್ಮ ವಿಷಯದಲ್ಲಿ ಜೋಳ ಬರುತ್ತಿದ್ದದ್ದೂ ನಿಜವೇ.

ದಾವೆಯಲ್ಲಿ ಎಲ್ಲ ಆಸ್ತಿಯನ್ನೂ ಸೇರಿಸಿ, ಒಂದನ್ನು ಬಿಟ್ಟರೆ ಭಾಗಶಃ ವಾಟ್ನಿ ಎಂಬ ತಕರಾರು ಬರುತ್ತದೆ. ತಾಯಿ ಮತ್ತು ತಂಗಿಯನ್ನು ಪಕ್ಷಗಾರರಾಗಿ ಸೇರಿಸಲೇಬೇಕು, ಅವರು ನಿಮ್ಮ ಜೊತೆ ನಿಲ್ಲದಿದ್ದರೆ ಪ್ರತಿವಾದಿಗಳಾಗಿ. ತಾಯಿಯ ಹೆಸರು ಪ್ರತಿವಾದಿಗಳ ಪಟ್ಟಿಯಲ್ಲಿ ಕಂಡು ಹಳ್ಳಿಯಲ್ಲಿ "ತಾಯಿ ಮ್ಯಾಲೆ ಕೇಸ್ ಹಾಕ್ಯಾಳ" ಎಂದು ಆಡಿಕೊಳ್ಳುವವರು ಇದ್ದೇ ಇರುತ್ತಾರೆ. ಅದು ಬರೀ ಕಾರ್ಯವಿಧಾನ ಎಂದು ತಾಯಿಗೆ ಮೊದಲೇ ಕೂತು ತಿಳಿಸಿ ಹೇಳಿ. ದಾವೆಯ ಜೊತೆಗೇ ಹೊಲ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ತಡೆಯಾಜ್ಞೆ ಸಿಗದಿದ್ದರೂ ದಾವೆ ನಡೆಯುವಾಗ ಕೊಂಡವನು ತೀರ್ಪಿಗೆ ಬದ್ಧನೇ, ಆದರೆ ಅವನ ಜೊತೆ ಮತ್ತೊಂದು ಜಗಳ ಏಕೆ ಬೇಕು?

ಗೆದ್ದ ಮೇಲೆ ಕೈಗೆ ಬರುವುದು ಪ್ರಾಥಮಿಕ ಡಿಕ್ರಿ, ಐದರಲ್ಲಿ ಒಂದು ಎಂಬ ಸಾಲು ಅಷ್ಟೇ. ಹೊಲ ಅಳೆದು ಕಲ್ಲು ನೆಡುವುದು ಅಂತಿಮ ಡಿಕ್ರಿಯ ಕೆಲಸ. ಕಂದಾಯದ ಜಮೀನನ್ನು ಒಡೆಯಲು ಕೋರ್ಟು ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಅಲ್ಲಿಂದ ಭೂಮಾಪಕರವರೆಗೆ ಇಳಿಯಲು ಸಮಯ ತಗಲುತ್ತದೆ. ಪ್ರಾಥಮಿಕ ಡಿಕ್ರಿಯನ್ನೇ ಚೌಕಟ್ಟು ಹಾಕಿಸಿಟ್ಟು ಹತ್ತು ವರ್ಷ ಸುಮ್ಮನಿದ್ದವರು ಬೇಕಾದಷ್ಟು. ಅದಕ್ಕಾಗಿಯೇ 2022ರಲ್ಲಿ ಸುಪ್ರೀಂ ಕೋರ್ಟ್, ಬೇರೆ ಅರ್ಜಿಗೆ ಕಾಯದೆ ಅದೇ ದಾವೆಯನ್ನು ಅಂತಿಮ ಡಿಕ್ರಿಗೆ ಮುಂದುವರಿಸಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು. ಪ್ರಾಥಮಿಕ ಡಿಕ್ರಿ ಬಂದ ದಿನವೇ ಮುಂದಿನ ತಾರೀಖು ಕೇಳಿ ಎಂದು ನಿಮ್ಮ ವಕೀಲರಿಗೆ ನೆನಪಿಸಿ.

ದಾವೆ ಹಾಕಿದ ಮಾತ್ರಕ್ಕೆ ರಾಜಿಯ ಬಾಗಿಲು ಮುಚ್ಚುವುದಿಲ್ಲ. ಲೋಕ ಅದಾಲತ್ತಿನಲ್ಲಿ ಒಪ್ಪಿಕೊಂಡರೆ ಅದಕ್ಕೆ ಡಿಕ್ರಿಯ ಬಲ, ಕಟ್ಟಿದ ಶುಲ್ಕವೂ ವಾಪಸು, ಮೇಲ್ಮನವಿಯ ಕಾಟವೂ ಇಲ್ಲ. ಹಾಗೆ ಕೂರುವ ದಿನ ಎಂ.ಇ. ನಕಲುಗಳು ನಿಮ್ಮ ಚೀಲದಲ್ಲಿರಲಿ, 11-ಇ ನಕ್ಷೆಯ ಪ್ರತಿ ಎಲ್ಲರ ಮುಂದೆ ಹರಡಿರಲಿ, ಬೋರು ಮತ್ತು ದಾರಿಯ ಮಾತು ಮುಗಿಯುವವರೆಗೆ ಪೆನ್ನು ತೆಗೆಯಬೇಡಿ.